ಎರಡನೇ ಸಲ ಹೇಳಿದ್ದು

ಮೊನ್ನೆ ಶಾಲೆಯಲ್ಲಿ ಊಟದ ಬಿಡುವಿಗೆ ಸಹೋದ್ಯೋಗಿಯೊಬ್ಬರು ತಮ್ಮ ತೋಟದ ಒಣದ್ರಾಕ್ಷಿಯ ಡಬ್ಬಿ ತೆರೆದರು. ಸಿಹಿ ವಾಸನೆಯ ಹಿಂದೆಯೇ ಮೂಗು ಚುರುಗುಟ್ಟಿಸುವ ಗಂಧಕದ ಘಾಟು ಬಂತು. ನಾನು ಒಂದು ಹಣ್ಣನ್ನೂ ಬಾಯಿಗೆ ಹಾಕದೆ ಎದ್ದು ಹೊರಗೆ ಬಂದೆ. ಆ ಘಾಟು ಅಥಣಿ ಕಡೆಯ ನಮ್ಮ ಹಳ್ಳಿಯ ಮನೆಯದು. ಹಿತ್ತಲಿನಾಚೆ ನಿಂತಿದ್ದ, ಹಸಿರು ಬಲೆ ಕಟ್ಟಿದ ಉದ್ದನೆಯ ಶೆಡ್ಡಿನದು. ಬೇಸಿಗೆ ಬಂತೆಂದರೆ ಅಲ್ಲಿ ತಂತಿಯ ಜಾಳಿಯ ಮೇಲೆ ದ್ರಾಕ್ಷಿ ಒಣಗುತ್ತಿತ್ತು, ಬಣ್ಣ ಕೆಡದಿರಲೆಂದು ಅದಕ್ಕೆ ಗಂಧಕದ ಹೊಗೆ ಹಾಕುತ್ತಿದ್ದರು. ಕೆಳಗೆ ತಾಡಪತ್ರಿ ಹಾಸಿಕೊಂಡು ಹತ್ತು ಹನ್ನೆರಡು ಹೆಂಗಸರು ಕಡ್ಡಿ, ಕರಿಕಾಳು ಆರಿಸುತ್ತಿದ್ದರು. ಕಾಲಿಗಡ್ಡ ಓಡಾಡುವ ಮಕ್ಕಳನ್ನು ಹಿಡಿದು ಕೂಡಿಸುವ ಕೆಲಸ ನಮ್ಮ ಆಯಿಯದು. ಅಪ್ಪನ ತಾಯಿ ಅವಳು. ಕೊರಳಲ್ಲಿ ಬಂಗಾರದ ಬೋರಮಾಳ, ಬಾಯಲ್ಲಿ ಸದಾ ಅಡಿಕೆ ಚೂರು. ಅವಳು ಕಥೆ ಶುರು ಮಾಡಿದರೆ ಆರಿಸುವ ಕೈಗಳೂ ನಿಧಾನವಾಗುತ್ತಿದ್ದವು.

ಅವಳ ಕಥೆಗಳಲ್ಲಿ ನಮಗೆ ಬಲು ಇಷ್ಟವಾದದ್ದು ಗುಬ್ಬಿಯದು. ರಾಜನ ಕಣಜದ ಜೋಳ ಯಾರೋ ತಿಂದರು, ಪ್ರಧಾನಿ ತಪ್ಪನ್ನು ಇರುವೆಯ ಮೇಲೆ ಹಾಕಿದ, ಇರುವೆಯ ಗೂಡು ಕೆಡವಲು ಆಳುಗಳು ಗುದ್ದಲಿ ಎತ್ತಿದರು. ಅಷ್ಟರಲ್ಲಿ ಗುಬ್ಬಿ ಹಾರಿ ಬಂದು ರಾಜನ ಮುಂದೆ ಕೂತು, ತಿಂದವಳು ನಾನೇ ಎಂದಿತು. ಆಯಿ ಅಲ್ಲಿ ನಿಲ್ಲಿಸಿ, "ಗುಬ್ಬಿಗೆ ಅಂಜಿಕಿ ಬರಲಿಲ್ಲೇನ?" ಎಂದು ಕೇಳುತ್ತಿದ್ದಳು. ನಾವೆಲ್ಲ ಒಂದೇ ದನಿಯಲ್ಲಿ, "ಖರೇ ಹೇಳಾವರಿಗೆ ಅಂಜಿಕಿ ಯಾಕ!" ಎಂದು ಕೂಗುತ್ತಿದ್ದೆವು. ಎಲ್ಲರಿಗಿಂತ ಜೋರು ದನಿ ರೇಣುಕಾಳದು. ದ್ರಾಕ್ಷಿ ಆರಿಸಲು ಬರುತ್ತಿದ್ದ ಗಂಗವ್ವನ ಮಗಳು ಅವಳು. ನನ್ನದೇ ವಯಸ್ಸು, ಎರಡನೇ ತರಗತಿಯಲ್ಲಿ ಕೂರುವುದೂ ನನ್ನ ಪಕ್ಕದಲ್ಲೇ. ಕೊನೆಗೆ ರಾಜ ತನ್ನ ಅಂಗೈಯಲ್ಲಿ ಕಾಳು ಹಿಡಿದು ಗುಬ್ಬಿಗೆ ತಿನ್ನಿಸುತ್ತಿದ್ದ. ನಿಜ ಹೇಳಿದವರಿಗೆ ಹಾಗೇ ಆಗುತ್ತದೆಂದು ನಾನು ನಂಬಿದ್ದೆ.

ಆ ಮಧ್ಯಾಹ್ನ ಆಯಿ ಎರೆದುಕೊಳ್ಳಲು ಹೋಗುವಾಗ ಬೋರಮಾಳ ತೆಗೆದು ಬಚ್ಚಲ ಹೊರಗಿನ ಗೂಡಿನಲ್ಲಿಟ್ಟಿದ್ದಳು. ನಾನು ನೀರು ಕುಡಿಯಲು ಬಂದವಳು ಕಂಬದ ಹಿಂದಿನಿಂದ ನೋಡಿದೆ. ಅಪ್ಪನ ತಮ್ಮ, ನಮ್ಮ ಕಾಕಾ ಬಂದ, ಸರವನ್ನು ಮುಷ್ಟಿಯಲ್ಲಿ ಮಡಿಚಿಕೊಂಡ, ಪ್ಯಾಂಟಿನ ಜೇಬಿಗೆ ಹಾಕಿಕೊಂಡು ಮೋಟರ್‌ಸೈಕಲ್ ಹತ್ತಿ ಹೋದ. ಅದರಲ್ಲಿ ತಪ್ಪೇನೂ ನನಗೆ ಕಾಣಲಿಲ್ಲ. ಸಂಜೆ ಹುಡುಕಾಟ ಶುರುವಾಯಿತು. ಮಧ್ಯಾಹ್ನ ಕೊಡದಲ್ಲಿ ನೀರು ಒಯ್ಯಲು ಗಂಗವ್ವ ಒಳಗೆ ಬಂದಿದ್ದಳೆಂದು ಯಾರೋ ಅಂದರು. ಅಷ್ಟೇ ಸಾಕಾಯಿತು. ಅಂಗಳದ ನಡುವೆ ಅವಳನ್ನು ನಿಲ್ಲಿಸಿ, ಉಡಿ ಬಿಚ್ಚಿಸಿ, ಬುತ್ತಿಯ ಗಂಟನ್ನೂ ಝಾಡಿಸಿದರು. ಅರ್ಧ ರೊಟ್ಟಿ, ಒಂದು ಉಳ್ಳಾಗಡ್ಡಿ ಕೆಳಗೆ ಬಿದ್ದವು. ರೇಣುಕಾ ಅವ್ವನ ಸೀರೆ ಹಿಡಿದುಕೊಂಡು ನನ್ನ ಕಡೆ ನೋಡುತ್ತಿದ್ದಳು.

"ಕಾಕಾ ತುಗೊಂಡಾನ. ನಾ ನೋಡೇನಿ," ಅಂದೆ.

ಆಗಷ್ಟೇ ಮನೆಗೆ ಮರಳಿದ್ದ ಕಾಕಾ ತಲೆ ತಗ್ಗಿಸಿದ. ಕಾಗವಾಡದಲ್ಲಿ ಅವನಿಗೆ ಹೆಣ್ಣು ಗೊತ್ತಾಗಿತ್ತು, ಮುಂದಿನ ವಾರ ಬೀಗರು ಬರುವವರಿದ್ದರು. ಆಯಿ ಅವನನ್ನು ಒಂದೇ ಒಂದು ಸಲ ನೋಡಿದಳು. ಅವಳಿಗೆ ಎಲ್ಲ ಗೊತ್ತಾಯಿತೆಂದು ನನಗೂ ಗೊತ್ತಾಯಿತು. ಆಮೇಲೆ ನಕ್ಕಳು. "ದಿನಾ ಕಥಿ ಕೇಳಿ ಕೇಳಿ ಹುಡುಗಿ ತಾನೂ ಕಥಿ ಕಟ್ಟಾಕ ಕಲತೈತಿ," ಅಂದಳು.

"ಅವ್ವಾರ, ಕೂಸು ಸುಳ್ಳ ಹೇಳೂದಿಲ್ಲ್ರಿ. ನೀವ ಕಲಿಸೀರಿ ಅದಕ," ಎಂದಳು ಗಂಗವ್ವ.

ಆಯಿ ನನ್ನ ರಟ್ಟೆ ಹಿಡಿದು ಅಡಿಗೆಮನೆಗೆ ಎಳೆದೊಯ್ದಳು. ತೊಡೆಯನ್ನು ಉಗುರು ಇಳಿಯುವಂತೆ ಚಿವುಟಿ, "ಹೊರಗ ಹೋಗಿ ಏನೂ ನೋಡಿಲ್ಲ ಅನ್ನ. ಇಲ್ಲಾಂದ್ರ ಇನ್ನ ನನ್ನ ಮಗ್ಗಲಾಗ ಮಲಗಾಕ ಬರಬ್ಯಾಡ," ಅಂದಳು. ಏಳು ವರ್ಷದ ನನಗೆ ಅದಕ್ಕಿಂತ ದೊಡ್ಡ ಶಿಕ್ಷೆ ಗೊತ್ತಿರಲಿಲ್ಲ. ಹೊರಗೆ ಬಂದು, ಅವಳು ಹೇಳಿಕೊಟ್ಟಂತೆಯೇ ಹೇಳಿದೆ. ಗಂಗವ್ವ ಅಳಲಿಲ್ಲ. ಬಿದ್ದ ರೊಟ್ಟಿಯನ್ನು ಎತ್ತಿಕೊಂಡು, ಮಣ್ಣು ಝಾಡಿಸಿ, ಮಗಳ ಕೈ ಹಿಡಿದು ಹೋದಳು. ಊರಿನಲ್ಲಿ ಮತ್ತೆ ಯಾವ ಶೆಡ್ಡಿಗೂ ಅವಳನ್ನು ಕರೆಯಲಿಲ್ಲ. ಮಳೆಗಾಲಕ್ಕೆ ಮೊದಲೇ ತಾಯಿ ಮಗಳು ಗಂಗವ್ವನ ತವರೂರು ಮುಗಳಖೋಡಕ್ಕೆ ಹೋದರು. ರೇಣುಕಾಳ ಶಾಲೆ ಅಲ್ಲಿಗೆ ಮುಗಿಯಿತು. ಕಾಕಾನ ಮದುವೆಯಾಗಿ ಎರಡು ತಿಂಗಳಿಗೆ, ಒತ್ತೆಯಿಂದ ಬಿಡಿಸಿಕೊಂಡದ್ದಿರಬೇಕು, ಬೋರಮಾಳ ಮತ್ತೆ ಆಯಿಯ ಕೊರಳಿಗೆ ಬಂತು. ಟ್ರಂಕಿನ ತಳದಲ್ಲಿ ಸಿಕ್ಕಿತೆಂದಳು. ಯಾರೂ ಏನೂ ಕೇಳಲಿಲ್ಲ. ಮರುವರ್ಷದ ಬೇಸಿಗೆಯಲ್ಲಿ ಅದೇ ಸರ ಹಾಕಿಕೊಂಡು, ಅದೇ ಗುಬ್ಬಿಯ ಕಥೆ ಹೇಳಿದಳು. ಚಿಕ್ಕ ಮಕ್ಕಳು ಕೂಗಿದರು. ನಾನು ಬಾಯಿ ಬಿಡಲಿಲ್ಲ. ಅವಳು ನನ್ನ ತಲೆ ಸವರಿದಳು. ಆ ಕೈಯ ಮೇಲೆ ನನಗಿದ್ದ ಪ್ರೀತಿ ಅಂದೂ ಹೋಗಲಿಲ್ಲ, ಇಂದಿಗೂ ಹೋಗಿಲ್ಲ. ನನಗೆ ಸಿಟ್ಟು ಬರುವುದು ಅದಕ್ಕೇ.

ಈಗ ಆಯಿಯಿಲ್ಲ, ಕಾಕಾನೂ ಇಲ್ಲ. ತೋಟ ಪಾಲಾಯಿತು, ಶೆಡ್ಡಿನ ಕಬ್ಬಿಣ ಗುಜರಿಗೆ ಹೋಯಿತು. ನಾನು ಮುಗಳಖೋಡದ ಕಡೆಯೇ, ರಾಯಬಾಗ ತಾಲೂಕಿನ ಶಾಲೆಯೊಂದರಲ್ಲಿ ಟೀಚರ್. ವಾರಕ್ಕೊಮ್ಮೆ ಮಕ್ಕಳಿಗೆ ನೀತಿಕಥೆ ಹೇಳಬೇಕು, ಹೇಳುತ್ತೇನೆ. ಈ ಜೂನ್‌ನಲ್ಲಿ ಶಾಲೆಗೆ ಮಗಳ ಹೆಸರು ಹಚ್ಚಲು ಒಬ್ಬಾಕೆ ಬಂದಳು. ಅರ್ಜಿಯಲ್ಲಿ ತಾಯಿಯ ಹೆಸರು ನೋಡಿ ತಲೆ ಎತ್ತಿದೆ. ಅವಳು ನನ್ನನ್ನು ಆಗಲೇ ಗುರುತಿಸಿದ್ದಳು. ಗಂಗವ್ವ ಹೇಗಿದ್ದಾಳೆಂದು ಕೇಳಿದೆ.

"ತೀರಕೊಂಡ ನಾಲ್ಕ ವರ್ಷ ಆತ್ರಿ ಅಕ್ಕಾರ."

"ರೇಣುಕಾ, ಅವತ್ತ ಮೊದಲ ನಾ ಖರೇನ ಹೇಳಿದ್ದೆ," ಅಂದೆ. ಇಷ್ಟು ವರ್ಷ ಒಳಗೇ ಇಟ್ಟುಕೊಂಡಿದ್ದ ಮಾತು ಎಷ್ಟು ಸಣ್ಣದಾಗಿ ಕೇಳಿಸಿತು!

"ಗೊತ್ತೈತ್ರಿ. ನಮ್ಮವ್ವಗೂ ಗೊತ್ತಿತ್ತು," ಎಂದಳು ಅವಳು, ಸಿಟ್ಟಿಲ್ಲದೆ. "ಮಂದಿ ನೆನಪಿಟ್ಟಿದ್ದ ನೀವ ಎರಡನೇ ಸಲ ಹೇಳಿದ್ದ." ಸಹಿ ಹಾಕುವ ಜಾಗ ಕೇಳಿದಳು. ಹೆಬ್ಬೆಟ್ಟು ಒತ್ತಿದಳು.

ರೇಣುಕಾಳ ಮಗಳು ಈಗ ನನ್ನ ತರಗತಿಯಲ್ಲಿ ಮೊದಲ ಸಾಲಿನಲ್ಲಿ ಕೂರುತ್ತಾಳೆ. ಕಥೆ ಹೇಳುವಾಗ ನಾನು ಅವಳ ಮುಖ ನೋಡುವುದಿಲ್ಲ.