ಮುರಿಯದ ಚಕ್ಕುಲಿ

ದೀಪಾವಳಿ ಹತ್ತಿರ ಬಂತೆಂದರೆ ಮರಾಠಿ ನಾಡಿನ ಭಾಂಡುಪಿನಲ್ಲಿರುವ ನಮ್ಮ ಚಾಳಿನ ವಠಾರಕ್ಕೆಲ್ಲ ಸಂಭ್ರಮ, ಮೈಸೂರು ಕಡೆಯ ರಮಾಮಣಿಯವರಿಗೆ ಮಾತ್ರ ದಿಗಿಲು. ಈ ಊರಲ್ಲಿ ಬೆಳೆಯುವ ಮಗಳು ಎಲ್ಲಿ ಕೊಡುವ ಬುದ್ಧಿಯನ್ನೇ ಮರೆತುಬಿಡುತ್ತಾಳೋ ಎಂದು. ರೇಷನ್ ಅಕ್ಕಿ ಉಳಿಸಿ ಮಾಡಿದ ಚಕ್ಕುಲಿಯಲ್ಲಿ ಮುರಿಯದವನ್ನೆಲ್ಲ ಆರಿಸಿ, ತಟ್ಟೆಗೆ ಜೋಡಿಸಿ, ಮಗಳು ಸುಮಿತ್ರಾಳ ಕೈಲಿ ನೆರೆಮನೆಗಳಿಗೆ ಕಳಿಸುವರು; ಕಳಿಸಿದವರು ಸುಮ್ಮನಿರದೆ ಬಾಗಿಲ ಮರೆಯಲ್ಲಿ ನಿಂತು ಕಿವಿಗೊಡುವರು. ಮಗಳು ಬಂದೊಡನೆ ವಿಚಾರಣೆ. "ಪಕ್ಕದ್ಮನೆ ಸಾಠೆ ಮಾವಶಿಗೆ ನಗುನಗ್ತಾ ಕೊಟ್ಯಾ? ಕೊಡೋವಾಗ ಚಕ್ಕುಲೀನೇ ನೋಡ್ತಾ ನಿಲ್ಲಲಿಲ್ಲ ತಾನೆ? ಅವರು ಕೊಟ್ಟಿದ್ದು ತಗೊಂಡಾಗ ಏನನ್ನಬೇಕು?" "ತುಂಬಾ ಸಂತೋಷ ಆಯ್ತು ಅನ್ನಬೇಕು," ಎಂದು ಮಗು ಪಾಠ ಒಪ್ಪಿಸಬೇಕು. ಮನೆಯಲ್ಲಿ ಉಳಿದ ಮುರುಕುಗಳು ಗಂಡನಿಗೂ ಮಗಳಿಗೂ. ಡಬ್ಬಿಯ ತಳದ ಪುಡಿ ರಮಾಮಣಿಯವರಿಗೆ. ಈ ಸಲ ಸುಮಿತ್ರಾ, ಸಾಠೆಯವರು ತನಗೆಂದು ಕೊಟ್ಟ ಇಡೀ ಚಕ್ಕುಲಿಯೊಂದನ್ನು ತಟ್ಟೆಯಲ್ಲಿಟ್ಟು ಅಮ್ಮನ ಮುಂದೆ ನಗುನಗುತ್ತಾ ಹಿಡಿದಳು. "ನಂಗ್ಯಾಕೆ ಪುಟ್ಟೀ? ನೀನೇ ತಿನ್ನು," ಎಂದು ರಮಾಮಣಿ ಗಾಬರಿಯಿಂದ ಎರಡೂ ಕೈಯನ್ನು ಸೆರಗಿನೊಳಗೆ ಅಡಗಿಸಿಕೊಂಡರು. ಅಮ್ಮನ ದಿಗಿಲು ಈಗ ಮಗಳ ಮುಖಕ್ಕೂ ಬಂತು. ತಟ್ಟೆ ಇಳಿಸದೆಯೇ ಅವಳು ಮೆಲ್ಲಗೆ ಹೇಳಿಕೊಟ್ಟಳು: "ತುಂಬಾ ಸಂತೋಷ ಆಯ್ತು ಅನ್ನಬೇಕಮ್ಮಾ."