ಕಿಟಕಿಗೆ ಕೆಂಪು ಸ್ಟಿಕ್ಕರ್

ನನ್ನ ನಾದಿನಿ, ಎಂದರೆ ನನ್ನ ಗಂಡನ ತಂಗಿ, ಬಟ್ಟೆ ಕಾರ್ಖಾನೆಯಲ್ಲಿ ಹತ್ತೊಂಬತ್ತು ವರ್ಷ ಚೆಕಿಂಗ್ ಮಾಡಿದವಳು. ತನ್ನ ಗಂಡ ತೀರಿಕೊಂಡ ಮೇಲೆ ನಮ್ಮ ಮನೆಗೇ ಬಂದಳು, ನಾನೇ ಕೆಲಸಕ್ಕೆ ಸೇರಿಸಿದೆ. ಹೊಲಿದು ಬಂದ ಅಂಗಿಯನ್ನು ಮೇಜಿನ ಮೇಲೆ ಹರವಿ, ಹೊಲಿಗೆ ತಪ್ಪಿದ ಕಡೆ ಕೆಂಪು ಸ್ಟಿಕ್ಕರ್ ಅಂಟಿಸುವುದು ಅವಳ ಕೆಲಸ. ಪಕ್ಕದಲ್ಲಿ ಕೂತು ದಾರದ ತುದಿ ಕತ್ತರಿಸುವುದು ನನ್ನದು.

ಒಂದು ವರ್ಷ ಯಾವುದೋ ಕಾರ್ಟೂನ್ ಸಿನಿಮಾದ ಅಂಗಿಗಳು ಬಂದವು. ಎದೆಯ ಮೇಲೊಬ್ಬ ಹುಡುಗಿ. ಅರಮನೆಯ ಕಿಟಕಿ ತಳ್ಳಿ ಕಾಡಿನ ಕಡೆ ಕೈಚಾಚಿದ್ದಾಳೆ. ಕೆಳಗೆ 'ನಿನ್ನ ಮನಸ್ಸು ಹೇಳಿದ್ದು ಕೇಳು' ಎಂದಿತ್ತು. ನಾದಿನಿ ಆ ಸಿನಿಮಾ ಎರಡು ಸಲ ನೋಡಿ ಬಂದಿದ್ದಳು. ಇಂಥ ಮಾತು ದಪ್ಪ ಪುಸ್ತಕಗಳಲ್ಲಿದೆ ಎಂದು ಓದಿದವರು ಹೇಳುತ್ತಾರೆ. ಇರಬಹುದು. ನಮ್ಮ ತನಕ ಬಂದದ್ದು ಅಂಗಿಯ ಮೇಲೆ ಕೂತು.

ಅದೇ ವಾರ ಕಾರ್ಖಾನೆಯವರು ನಮ್ಮ ಮೇಜಿನ ಪಕ್ಕದ ಕಿಟಕಿಯ ಗಾಜಿಗೆ ಬಿಳಿ ಬಣ್ಣ ಬಳಿಸಿದರು. ಆಚೆ ಒಂದು ಮರವಿತ್ತು. ಅದನ್ನು ನೋಡುತ್ತ ನಾವು ಕೈ ನಿಧಾನ ಮಾಡುತ್ತೇವಂತೆ.

ಮರುದಿನ ಬೆಳಿಗ್ಗೆ ನಾದಿನಿ ಆ ಗಾಜಿಗೇ ಕೆಂಪು ಸ್ಟಿಕ್ಕರ್ ಅಂಟಿಸಿದಳು.

"ಇದೇನಮ್ಮಾ?" ಎಂದ ಸೂಪರ್‌ವೈಸರ್.

"ಡಿಫೆಕ್ಟು ಸಾರ್. ಮರ ಕಾಣ್ತಿಲ್ಲ."

"ಮರ ನೋಡೋಕೆ ಸಂಬಳ ಕೊಡ್ತೀವಾ?"

ಅವಳು ಅಂಗಿ ಎತ್ತಿ ಹಿಡಿದಳು. "ಇವಳಿಗೂ ಅರಮನೇಲಿ ಹೀಗೇ ಬೈದ್ರು. ಕೇಳಿದ್ಲಾ?"

"ಅದು ಮಕ್ಕಳ ಸಿನಿಮಾ ಕಣಮ್ಮಾ!"

"ಹಾಗಾದ್ರೆ ಮಕ್ಕಳಿಗೆ ಸುಳ್ಳು ಮಾರ್ತಿದೀರಾ? ಎಲ್ಲಾ ಅಂಗಿಗೂ ಸ್ಟಿಕ್ಕರ್ ಹಾಕ್ಲಾ?"

ಸಾಲಿನಲ್ಲಿದ್ದವರೆಲ್ಲ ಸೆರಗು ಬಾಯಿಗಿಟ್ಟುಕೊಂಡರು. ಅವನ ಮುಖ ಕೆಂಪಾಯಿತು. "ಅದನ್ನ ಕಿತ್ತು ತಪ್ಪಾಯ್ತು ಅನ್ನು. ಇಲ್ಲಾ, ಮನೆಗೆ ನಡಿ."

ನಾನು ಅವಳ ಸೆರಗು ಜಗ್ಗಿದೆ. "ಸುಮ್ನಿರೇ, ಒಲೆ ಉರೀಬೇಕು."

"ಒಲೆ ನೋಡ್ಕೊಂಡೇ ಅರ್ಧ ಆಯಸ್ಸು ಹೋಯ್ತು ಅತ್ತಿಗೆ. ಇನ್ನರ್ಧ ಈ ಸುಣ್ಣ ನೋಡ್ಕೊಂಡು ಕಳೀಲಾ?" ಎಂದವಳೇ ಊಟದ ಡಬ್ಬಿ ಎತ್ತಿಕೊಂಡು ಹೊರಟೇಬಿಟ್ಟಳು.

ಅವಳ ಜಾಗಕ್ಕೆ ಕೂರಿಸಿದವಳ ಕಣ್ಣಿಗೆ ತಪ್ಪು ಬೀಳಲಿಲ್ಲ. ಕಳಿಸಿದ ಮಾಲೆಲ್ಲ ವಾಪಸು ಬಂತು. ಐದನೇ ದಿನ ನಾದಿನಿಯನ್ನೇ ಕರೆಸಿದರು. ಬಂದವಳು ಯಾರ ಕ್ಷಮೆಯನ್ನೂ ಕೇಳಲಿಲ್ಲ. ನೇರ ಕಿಟಕಿಗೆ ಹೋಗಿ, ನನ್ನ ಕತ್ತರಿಯಿಂದ ಅಂಗೈಯಗಲ ಬಣ್ಣ ಕೆರೆದಳು. ಮರದ ಒಂದು ಕೊಂಬೆ ಕಂಡಿತು.

ಸಂಜೆ ಅಲ್ಲಿಗೆ ಮತ್ತೆ ಬಣ್ಣ ಬಳಿಸಿದರು. ಬೆಳಿಗ್ಗೆ ಅವಳು ಮತ್ತೆ ಕೆರೆದಳು. ಹೀಗೇ ಒಂದು ವಾರ. ಕೊನೆಗೆ ಸೂಪರ್‌ವೈಸರ್ ಕತ್ತರಿಯನ್ನೇ ಕಿತ್ತುಕೊಂಡ.

"ಈಗೇನ್ಮಾಡ್ತೀಯಾ? ಮತ್ತೆ ಬಳಿಸ್ತೀನಿ ನೋಡು."

"ಬಳಿಸಿ ಸಾರ್," ಎಂದಳು ನನ್ನ ನಾದಿನಿ, ಅಂಗಿಯಿಂದ ತಲೆ ಎತ್ತದೆ. "ನನಗೆ ಉಗುರಿದೆ."