ಮಾಲ್‌ಗೆ ಬೇಡವಾದ ನನ್ನ ವಾಚು

ಗೆಳೆಯರೇ, ಮದುವೆಯಲ್ಲಿ ಮಾವ ನನ್ನ ಕೈಗೆ ಕಟ್ಟಿದ ವಾಚು ಮತ್ತೆ ನಡೆಯುತ್ತಿದೆ! ಅದನ್ನು ಕಿವಿಗೆ ಹಿಡಿದು ಒಂದೇ ಕೈಯಲ್ಲಿ ಟೈಪ್ ಮಾಡುತ್ತಿದ್ದೇನೆ.

ಬೆಳಿಗ್ಗೆ ಮಗಳು ಬೆಳಗಾವಿಯ ಮಾಲ್‌ಗೆ ಎಳೆದೊಯ್ದಳು. ಬಿಸಿಲಿಲ್ಲ, ಗಾಳಿಯಿಲ್ಲ, ಕೂರಲು ಒಂದು ಕಟ್ಟೆಯೂ ಇಲ್ಲ. ವಾಚಿನ ಅಂಗಡಿಯ ಹುಡುಗಿ, "ಅಂಕಲ್, ಇದು ರಿಪೇರಿ ಆಗೂದಿಲ್ರಿ, ಹೊಸಾದು ತಗೋರಿ" ಎಂದಳು. ಸಿಟ್ಟಿಗೆ ಕಾಲೇಜಿನ ಇಂಗ್ಲಿಷ್ ಉಕ್ಕಿತು. ನನ್ನಲ್ಲಿ ಉಳಿದಿರುವುದು ರಜೆ ಅರ್ಜಿಯ ಇಂಗ್ಲಿಷ್ ಒಂದೇ. "ರೆಸ್ಪೆಕ್ಟೆಡ್ ಮೇಡಂ, ಐ ಬೆಗ್ ಟು ಸ್ಟೇಟ್, ದಿಸ್ ಈಸ್ ಫಾದರ್-ಇನ್-ಲಾ ವಾಚ್. ಯುವರ್ಸ್ ಫೇತ್‌ಫುಲ್ಲಿ!" ಎಂದವನೇ ಮಗಳನ್ನು ಅಲ್ಲೇ ಬಿಟ್ಟು ಗೋಕಾಕ ಬಸ್ಸು ಹತ್ತಿದೆ.

ಅಲ್ಲಿ ಬಸ್‌ಸ್ಟ್ಯಾಂಡ್ ಬಾಜೂ ವಾಚ್ ರಿಪೇರಿ ಮಾಡುವ ಬಶೀರಸಾಬರು ಮುಚ್ಚಳ ತೆಗೆದು ಊದಿದರು, ಎಣ್ಣೆ ಬಿಟ್ಟರು. ಟಿಕ್ ಟಿಕ್!

"ಟೈಮ್ ಹಚ್ಚಲೇನ್ರಿ?"

"ಹತ್ತು ನಿಮಿಷ ಮುಂದ ಇಡ್ರಿ. ನಮ್ಮಾಕಿ ಹಂಗ ಇಡತಿದ್ಲು. ಇಲ್ಲಂದ್ರ ನನಗ ಬಸ್ ಸಿಗತಿರಲಿಲ್ಲ."

"ಅಕ್ಕಾರು ಆರಾಮ ಅದಾರಿಲ್ರಿ?"

"ಹೋಗಿ ಬಾಳ ದಿನ ಆತ್ರಿ. ನಾ ಇನ್ನೂ ಲೇಟ ಅದೇನಿ."

ಸಾಬರು ಮುಳ್ಳು ಮುಂದೆ ತಿರುಗಿಸಿದರು.

ಹೀಗಾಗಿ ಇಂದು ನಮ್ಮೂರಿಗೆ ಹೋಗುವ ಕೊಣ್ಣೂರ ಬಸ್ಸಿಗೆ ಹತ್ತು ನಿಮಿಷ ಮೊದಲೇ ಬಂದು ನಿಂತೆ. ಬಸ್ಸೇ ಅರ್ಧ ಗಂಟೆ ತಡವಾಗಿ ಬಂತು. ಪಾಪ, ಅದರ ಮುಳ್ಳು ಮುಂದಿಡುವವರು ಯಾರೂ ಇಲ್ಲ.